ಅಮೋನೈಟ್ ಪಳೆಯುಳಿಕೆಗಳ ನೆರವಿನಿಂದ ಜುರಾಸಿಕ್ ಶಿಲಾಪದರಗಳ ಕಾಲನಿರ್ಣಯ

ಅಮೋನೈಟ್‌ಗಳು ಸುರುಳಿ ಚಿಪ್ಪನ್ನು ಹೊಂದಿದ್ದ ಸಮುದ್ರವಾಸಿ ಮೃದ್ವಂಗಿಗಳಾಗಿದ್ದು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ನಶಿಸಿಹೋದವು. ಸುಮಾರು 20 ಕೋಟಿ ವರ್ಷಗಳ ಹಿಂದೆ ಆರಂಭಗೊಂಡ ಜುರಾಸಿಕ್ ಕಾಲದ ಶಿಲಾಪದರಗಳ ವಯಸ್ಸನ್ನು ನಿರ್ಧರಿಸಲು ಇವುಗಳ ಪಳೆಯುಳಿಕೆಗಳೇ ಪ್ರಮುಖ ಆಧಾರವಾಗಿವೆ.

ಕಾಲನಿರ್ಣಯಕ್ಕೆ ಅನುಕೂಲವಾದ ಗುಣಗಳು
1. ಒಂದೊಂದು ಪ್ರಭೇದವೂ ಅಲ್ಪಕಾಲ ಮಾತ್ರ ಬಾಳಿ, ಅದರ ಸ್ಥಾನದಲ್ಲಿ ಬೇರೊಂದು ಪ್ರಭೇದ ಕಾಣಿಸಿಕೊಂಡಿರುತ್ತದೆ.
2. ಅನೇಕ ಪ್ರಭೇದಗಳು ದೂರದೂರದ ಸಮುದ್ರಗಳಲ್ಲಿ ಹರಡಿದ್ದವು.
3. ಚಿಪ್ಪಿನ ಏಣುಗಳು ಹಾಗೂ ಒಳಗೋಡೆಗಳ ಅಂಚಿನ ಗೆರೆಗಳಿಂದ ಪ್ರಭೇದವನ್ನು ಗುರುತಿಸಬಹುದಾಗಿದೆ.

ವಿಧಾನ
ಬುಡಮೇಲಾಗದ ಶಿಲೆಗಳಲ್ಲಿ ಕೆಳಗಿನ ಪದರವು ಹಳೆಯದು, ಮೇಲಿನದು ಹೊಸದು. ಪ್ರತಿ ಪದರದಲ್ಲಿ ದೊರೆಯುವ ಅಮೋನೈಟ್‌ಗಳನ್ನು ಕ್ರಮವಾಗಿ ದಾಖಲಿಸಿದಲ್ಲಿ ‘ವಲಯ’ಗಳು ದೊರೆಯುತ್ತವೆ. ಜರ್ಮನಿಯ ಆಲ್ಬರ್ಟ್ ಓಪೆಲ್ ಅವರು 1856-58ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕ್ರಮವನ್ನು ನೆಲೆಗೊಳಿಸಿದರು. ಜುರಾಸಿಕ್ ಕಾಲದ ಆರಂಭವನ್ನು ಸೂಚಿಸುವ ಅಂತರರಾಷ್ಟ್ರೀಯ ಗಡಿಯನ್ನು ಸಹ 2010ರಲ್ಲಿ ಆಸ್ಟ್ರಿಯಾದ ಕೂಯೋಖ್ ಎಂಬಲ್ಲಿ ‘ಸೈಲೋಸೆರಾಸ್ ಸ್ಪೆಲೆ’ ಎಂಬ ಅಮೋನೈಟ್ ಮೊದಲು ಕಾಣಿಸಿಕೊಳ್ಳುವ ಪದರದಲ್ಲಿಯೇ ನಿಗದಿಪಡಿಸಲಾಯಿತು.

ಭಾರತದ ನಿದರ್ಶನ
ಗುಜರಾತಿನ ಕಚ್ಛ್ ಪ್ರದೇಶದ ಅಮೋನೈಟ್‌ಗಳನ್ನು ವಿಲಿಯಂ ವಾಗೆನ್ ಅವರು 1873-75ರ ಅವಧಿಯಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಪ್ರಕಟಣೆಯಲ್ಲಿ ವಿವರಿಸಿದರು. ಅಲ್ಲಿ ಕೆಳಗಿನ ಪದರಗಳಲ್ಲಿ ‘ಮ್ಯಾಕ್ರೋಸೆಫಲೈಟಿಸ್’, ಅವುಗಳ ಮೇಲೆ ‘ರೈನೆಕಿಯಾ’, ಇನ್ನೂ ಮೇಲಿನ ಧೋಸಾ ಸುಣ್ಣಶಿಲೆಯಲ್ಲಿ ‘ಮಾಯಾಯ್ಟಿಸ್’ ದೊರೆಯುತ್ತವೆ. ಮೊದಲೆರಡು ಯುರೋಪಿನಲ್ಲಿಯೂ ಇರುವುದರಿಂದ ಎರಡೂ ಪ್ರದೇಶಗಳ ಪದರಗಳನ್ನು ಹೋಲಿಸಿ ನೋಡಲು ಸಾಧ್ಯವಾಗಿದೆ.

ಮಿತಿಗಳು
ಅಮೋನೈಟ್‌ಗಳಿಂದ ಹಿಂದುಮುಂದಿನ ಕ್ರಮವಷ್ಟೇ ತಿಳಿಯುತ್ತದೆ. ವರ್ಷಗಳ ಲೆಕ್ಕಕ್ಕೆ ಜ್ವಾಲಾಮುಖಿ ಬೂದಿಯಲ್ಲಿನ ಜಿರ್ಕಾನ್ ಹರಳುಗಳ ವಿಕಿರಣ ಪರೀಕ್ಷೆ ಮುಂತಾದ ವಿಧಾನಗಳು ಅಗತ್ಯ. ಹಳೆಯ ಪದರದಿಂದ ಕೊಚ್ಚಿ ಬಂದ ಚಿಪ್ಪು ಹೊಸ ಪದರದಲ್ಲಿ ಸೇರಿಕೊಂಡಿದ್ದಲ್ಲಿ ನಿರ್ಣಯವು ತಪ್ಪಬಹುದು.

ಸಾರ್ವಜನಿಕರ ಗಮನಕ್ಕೆ
ಕರ್ನಾಟಕದ ಬಹುಭಾಗ ಶಿಲೆಗಳು ಜುರಾಸಿಕ್ ಕಾಲಕ್ಕಿಂತ ಬಹಳ ಹಳೆಯವು. ಉತ್ತರ ಭಾಗದ ಕಪ್ಪುಶಿಲೆಯು ಅದಕ್ಕಿಂತ ಹೊಸದಾದ ಲಾವಾದಿಂದ ಉಂಟಾದುದು. ಆದಕಾರಣ ರಾಜ್ಯದ ಜನರಿಗೆ ಪರಿಚಿತವಾದ ಅಮೋನೈಟ್ ಎಂದರೆ ನೇಪಾಳದ ಗಂಡಕಿ ನದಿಯಿಂದ ಬರುವ, ಮನೆಗಳಲ್ಲಿ ಪೂಜಿಸಲ್ಪಡುವ ಸಾಲಿಗ್ರಾಮ. ನದಿಯಲ್ಲಿ ಉರುಳಿ ಬಂದ ಸಾಲಿಗ್ರಾಮದಲ್ಲಿ ಚಿಪ್ಪಿನ ಗುರುತು ಸ್ಪಷ್ಟವಿದ್ದಲ್ಲಿ ಜೀವಿಯ ಕಾಲವನ್ನು ಅಂದಾಜಿಸಬಹುದೇ ಹೊರತು, ಅದು ಯಾವ ಪದರಕ್ಕೆ ಸೇರಿದುದೆಂದು ಹೇಳಲಾಗದು.

ಸ್ಥಳದಿಂದ ಕಿತ್ತು ತೆಗೆದ ಪಳೆಯುಳಿಕೆಯ ವಿಷಯದಲ್ಲಿಯೂ ಇದೇ ನಷ್ಟ ಸಂಭವಿಸುತ್ತದೆ. ಒಮ್ಮೆ ಕಳೆದ ಈ ಮಾಹಿತಿಯನ್ನು ಯಾವ ಪ್ರಯೋಗಾಲಯವೂ ಮರಳಿ ನೀಡಲಾರದು. ಆದ್ದರಿಂದ ಪಳೆಯುಳಿಕೆ ಕಂಡುಬಂದಲ್ಲಿ ಅದನ್ನು ಕೀಳದೆ, ಸ್ಥಳದ ಹೆಸರು, ಪದರದ ಎತ್ತರ ಹಾಗೂ ಮೇಲೆ ಕೆಳಗಿನ ಶಿಲೆಗಳ ವಿವರವನ್ನು ಬರೆದುಕೊಂಡು, ಅಳತೆಪಟ್ಟಿ ಇರಿಸಿ ತೆಗೆದ ಛಾಯಾಚಿತ್ರದೊಂದಿಗೆ ಭೂವಿಜ್ಞಾನಿಗಳ ಗಮನಕ್ಕೆ ತರುವುದು ಸೂಕ್ತ.