ಯಕಾರದ ಕೆಲಸ

ಕಳೆದ ಜೂನ್ ತಿಂಗಳಿನ ಮಾತು. ನಮ್ಮ ಕಾಲೇಜಿಗೆ ಪ್ರವೇಶದ ಅರ್ಜಿ ಸಲ್ಲಿಸಲು ಅದೇ ಕಡೆಯ ದಿನ. ಈಗ ಅರ್ಜಿಯೆಂದರೆ ಕಾಗದವಲ್ಲ. ಕಂಪ್ಯೂಟರಿನ ಮುಂದೆ ಕುಳಿತು ತುಂಬಬೇಕು. ಹಳ್ಳಿಯಿಂದ ಬಂದ ಹುಡುಗಿಯೊಬ್ಬಳು ಅಂಕಪಟ್ಟಿಯನ್ನು ಎದೆಗೆ ಒತ್ತಿಕೊಂಡು ನನ್ನ ಮೇಜಿನ ಪಕ್ಕದಲ್ಲಿ ನಿಂತಿದ್ದಳು. ಎಲ್ಲವನ್ನೂ ತುಂಬಿ ಗುಂಡಿಯೊತ್ತಿದರೆ ಪರದೆಯ ಮೇಲೆ ಮೂಡಿದ್ದು ‘502, ಬ್ಯಾಡ್ ಗೇಟ್‌ವೇ’ ಎಂಬ ಒಂದೇ ಸಾಲು. ‘ಕೆಟ್ಟ ಹೆಬ್ಬಾಗಿಲು’ ಎಂದು ಮನಸ್ಸಿನಲ್ಲೇ ಅನುವಾದ ಮಾಡಿಕೊಂಡೆ. ಅನುವಾದವಾಯಿತು, ಅರ್ಥವಾಗಲಿಲ್ಲ.

ಈ ವ್ಯವಸ್ಥೆಯನ್ನು ನೋಡಿಕೊಳ್ಳುವವನು ನನ್ನ ಹಳೆಯ ವಿದ್ಯಾರ್ಥಿಯೇ. ಫೋನು ಮಾಡಿದೆ. “ಸಾರ್, ಹೊರಗಿನವನು ಎದ್ದಿದ್ದಾನೆ, ಒಳಗಿನವನು ಮಲಗಿಬಿಟ್ಟಿದ್ದಾನೆ. ಐದು ನಿಮಿಷ ಕೊಡಿ” ಎಂದ. “ಹೊರಗಿನವನು ಯಾರಪ್ಪ? ಒಳಗಿನವನು ಯಾರು?” ಎಂದು ಕೇಳಿದೆ. “ಅದೊಂದು ದೊಡ್ಡ ಕಥೆ ಸಾರ್, ಭಾನುವಾರ ಮನೆಗೇ ಬಂದು ಹೇಳುತ್ತೇನೆ” ಎಂದ. ಬಂದ, ಹೇಳಿದ. ಆಮೇಲೆ ನಾನೂ ಓದಿ ತಿಳಿದುಕೊಂಡೆ. ಕನ್ನಡದ ಮೇಷ್ಟರಿಗೆ ಈ ಗೊಡವೆ ಏಕೆಂದು ಓದುಗರು ಕೇಳಬಹುದು. ಅದಕ್ಕೆ ಉತ್ತರ ಮುಂದೆ ತಾನಾಗಿಯೇ ಬರುತ್ತದೆ.

ನಮ್ಮ ಊರಿನ ಯಾವುದಾದರೂ ಹೋಟೆಲನ್ನು ನೆನೆದುಕೊಳ್ಳಿ. ಮುಂದೆ ಮಾಣಿ, ಒಳಗೆ ಒಲೆಯ ಮುಂದೆ ಅಡುಗೆ ಭಟ್ಟರು. ನಾವು ಮಾತನಾಡುವುದು ಮಾಣಿಯೊಡನೆ; ದೋಸೆ ಹುಯ್ಯುವವರು ಭಟ್ಟರು. ವೆಬ್ ಸರ್ವರ್ ಎಂಬುದು ಈ ಮಾಣಿ. ಅರ್ಜಿಯನ್ನು ಪರಿಶೀಲಿಸಿ ಹೊಸ ಪುಟವನ್ನು ಸಿದ್ಧಮಾಡುವ ಅಪ್ಲಿಕೇಷನ್ ಎಂಬುದು ಅಡುಗೆಮನೆ. ಪ್ರತಿಯೊಂದು ಅಡುಗೆಮನೆಗೂ ಬೇಕಾಗುವ ಒಲೆ, ಒರಳು, ಪಾತ್ರೆಗಳನ್ನು ಮೊದಲೇ ಜೋಡಿಸಿಕೊಡುವ ಸಾಮಗ್ರಿಗೆ ಫ್ರೇಮ್‌ವರ್ಕ್ ಎಂದು ಹೆಸರು. ಮಾಣಿಯ ಕೂಗು ಭಟ್ಟರಿಗೆ ತಿಳಿಯಬೇಕು, ಭಟ್ಟರ ತಟ್ಟೆ ಮಾಣಿಯ ಕೈಗೆ ಬರಬೇಕು. ನಮ್ಮ ಕಥೆ ಇಷ್ಟರ ಬಗ್ಗೆಯೇ.

1990ರ ಕೊನೆಯಲ್ಲಿ ಜಿನೀವಾ ಬಳಿಯ ಸೆರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಅವರು ಮೊದಲ ವೆಬ್ ಸರ್ವರನ್ನು ನಡೆಸಿದರು. ಆ ದಿನಗಳಲ್ಲಿ ಸರ್ವರಿನ ಮುಖ್ಯ ಕೆಲಸ, ಬರೆದಿಟ್ಟ ಪುಟವನ್ನು ಕೇಳಿದವರಿಗೆ ಎತ್ತಿಕೊಡುವುದು. ಗಾಜಿನ ಬೀರುವಿನಿಂದ ಕೋಡುಬಳೆ ತೆಗೆದುಕೊಟ್ಟ ಹಾಗೆ. ಕೇಳಿದೊಡನೆ ಬಿಸಿಯಾಗಿ ಮಾಡಿಕೊಡಬೇಕಾದಾಗ ತೊಡಕು ಬಂತು. ಒಂದೊಂದು ಸರ್ವರ್ ಒಂದೊಂದು ರೀತಿಯಲ್ಲಿ ಒಳಗಿನ ಪ್ರೋಗ್ರಾಮನ್ನು ಕರೆಯುತ್ತಿತ್ತು. ಒಂದಕ್ಕೆ ಬರೆದದ್ದು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ.

1993ರಲ್ಲಿ ಇದಕ್ಕೊಂದು ಪರಿಹಾರ ದೊರೆಯಿತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ಸರ್ವರನ್ನು ಬರೆದಿದ್ದ ರಾಬ್ ಮೆಕೂಲ್ ಎಂಬ ತರುಣ, ಸೆರ್ನ್ ಸರ್ವರಿನ ಆರಿ ಲುವೊಟೊನೆನ್, ಬೇರೆ ಸರ್ವರುಗಳನ್ನು ಬರೆದ ಜಾನ್ ಫ್ರ್ಯಾಂಕ್ಸ್ ಮತ್ತು ಟೋನಿ ಸ್ಯಾಂಡರ್ಸ್, ಇವರೊಡನೆ ಜಾರ್ಜ್ ಫಿಲಿಪ್ಸ್, ತಮ್ಮೊಳಗೆ ಪತ್ರಗಳ ಮೂಲಕ ಚರ್ಚಿಸಿ ಒಂದು ಒಪ್ಪಂದಕ್ಕೆ ಬಂದರು. ಅದರ ಹೆಸರು ‘ಕಾಮನ್ ಗೇಟ್‌ವೇ ಇಂಟರ್‌ಫೇಸ್’, ಮೊದಲಕ್ಷರಗಳಲ್ಲಿ ಸಿಜಿಐ. ಬಂದವನು ಕೇಳಿದ್ದೇನು, ಯಾವ ವಿಧಾನದಲ್ಲಿ ಕೇಳಿದ ಎಂಬ ವಿವರಗಳನ್ನು ‘ಕ್ವೆರಿ ಸ್ಟ್ರಿಂಗ್’, ‘ರಿಕ್ವೆಸ್ಟ್ ಮೆಥಡ್’ ಎಂಬಂಥ ಗೊತ್ತಾದ ಹೆಸರುಗಳಲ್ಲಿ ಒಳಗೆ ಕಳಿಸಬೇಕು. ಒಳಗಿನ ಪ್ರೋಗ್ರಾಮು ಬರೆದದ್ದನ್ನು ಹೊರಗೆ ಒಪ್ಪಿಸಬೇಕು. ಇಷ್ಟೇ. ಈ ಒಪ್ಪಂದ ವಿಧ್ಯುಕ್ತ ದಾಖಲೆಯಾಗಿ ಪ್ರಕಟವಾದದ್ದು 2004ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಹನ್ನೊಂದು ವರ್ಷ ಜಗತ್ತು ಅದನ್ನು ನಂಬಿ ನಡೆದಿತ್ತು.

ಸಿಜಿಐಯಲ್ಲಿ ಒಂದು ದೋಷವಿತ್ತು. ಒಬ್ಬೊಬ್ಬರು ಬಂದಾಗಲೂ ಒಂದೊಂದು ಪ್ರೋಗ್ರಾಮು ಹೊಸದಾಗಿ ಹುಟ್ಟಿ, ಉತ್ತರ ಕೊಟ್ಟು, ಸಾಯುತ್ತಿತ್ತು. ಒಬ್ಬ ಗಿರಾಕಿಗೆ ಒಬ್ಬ ಭಟ್ಟರನ್ನು ನೇಮಿಸಿ, ಒಲೆ ಹೊತ್ತಿಸಿ, ಒಂದು ತಟ್ಟೆ ಇಡ್ಲಿ ಬೇಯಿಸಿದ ಮೇಲೆ ಮನೆಗೆ ಕಳುಹಿಸಿದಂತೆ! ಹತ್ತು ಜನರಿದ್ದಾಗ ನಡೆದೀತು. ಸಂತೆ ನೆರೆದರೆ ನಡೆಯದು. ಹೀಗಾಗಿ 1990ರ ದಶಕದ ಉತ್ತರಾರ್ಧದಲ್ಲಿ ಬೇರೆ ಬೇರೆ ಉಪಾಯಗಳು ಹೊರಟವು. ಫಾಸ್ಟ್‌ಸಿಜಿಐ ಎಂಬುದು ಒಳಗಿನವನನ್ನು ಕೊಲ್ಲದೆ ಉಳಿಸಿಕೊಂಡಿತು. ಇನ್ನು ಕೆಲವರು ಅಡುಗೆಮನೆಯನ್ನೇ ಮಾಣಿಯ ಹೆಗಲಿಗೆ ಕಟ್ಟಿದರು. 1995ರಲ್ಲಿ ಹುಟ್ಟಿದ ಅಪಾಚೆ ಸರ್ವರಿನ ಹೊಟ್ಟೆಯೊಳಗೇ ಪರ್ಲ್ ಭಾಷೆಯನ್ನು ಕೂರಿಸುವ ಮಾಡ್-ಪರ್ಲ್, ಪೈಥಾನ್ ಭಾಷೆಯನ್ನು ಕೂರಿಸುವ ಮಾಡ್-ಪೈಥಾನ್ ಬಂದವು. ವೇಗ ಸಿಕ್ಕಿತು, ಸ್ವಾತಂತ್ರ್ಯ ಹೋಯಿತು. ಮತ್ತೆ ಹಳೆಯ ಪಾಡೇ: ಫ್ರೇಮ್‌ವರ್ಕನ್ನು ಆರಿಸಿಕೊಂಡವನಿಗೆ ಸರ್ವರ್ ಆರಿಸಿಕೊಳ್ಳುವ ಹಕ್ಕಿಲ್ಲ, ಸರ್ವರ್ ಆರಿಸಿಕೊಂಡವನಿಗೆ ಫ್ರೇಮ್‌ವರ್ಕಿನದಿಲ್ಲ.

ಪೈಥಾನ್ ಬಳಗದಲ್ಲಿ ಈ ಕಷ್ಟ ಹೆಚ್ಚಾಗಿತ್ತು. ಜೋಪ್, ಕ್ವಿಕ್ಸಾಟ್, ವೆಬ್‌ವೇರ್ ಎಂದು ಫ್ರೇಮ್‌ವರ್ಕುಗಳು ಹಲವಿದ್ದವು. ಜಾವಾ ಭಾಷೆಯಲ್ಲಾದರೋ ಸರ್ವ್‌ಲೆಟ್ ಎಂಬ ಸಮಾನ ನಿಯಮವಿದ್ದು, ಯಾವುದನ್ನು ಬೇಕಾದರೂ ಯಾವುದಕ್ಕೆ ಬೇಕಾದರೂ ಜೋಡಿಸಬಹುದಾಗಿತ್ತು. ಇದನ್ನು ಕಂಡು 2003ರ ಡಿಸೆಂಬರಿನಲ್ಲಿ ಫಿಲಿಪ್ ಜೆ. ಈಬಿ ಎಂಬವರು ಒಂದು ಪ್ರಸ್ತಾವ ಬರೆದರು. ಆ ಬಳಗದ ದಫ್ತರಿನಲ್ಲಿ ಅದರ ಸಂಖ್ಯೆ 333. ಹೆಸರು ‘ವೆಬ್ ಸರ್ವರ್ ಗೇಟ್‌ವೇ ಇಂಟರ್‌ಫೇಸ್’. ಅದರ ತಿರುಳನ್ನು ಎರಡು ಮಾತಿನಲ್ಲಿ ಹೇಳಬಹುದು. ಸರ್ವರ್ ಅಪ್ಲಿಕೇಷನ್ನಿಗೆ ಎರಡು ವಸ್ತುಗಳನ್ನು ಕೊಡುತ್ತದೆ: ಕೇಳಿಕೆಯ ವಿವರಗಳಿರುವ ಒಂದು ಪಟ್ಟಿ, ‘ಉತ್ತರ ಸಿದ್ಧ’ ಎಂದು ಮೊದಲು ಸೂಚಿಸಲು ಒಂದು ಸಾಧನ. ಆಮೇಲೆ ಅಪ್ಲಿಕೇಷನ್ ಉತ್ತರವನ್ನು ತುಂಡುತುಂಡಾಗಿ ಒಪ್ಪಿಸುತ್ತದೆ. ಆ ಪಟ್ಟಿಯಲ್ಲಿ ಹಳೆಯ ‘ಕ್ವೆರಿ ಸ್ಟ್ರಿಂಗ್’, ‘ರಿಕ್ವೆಸ್ಟ್ ಮೆಥಡ್’ಗಳೇ ಇವೆ. ಹಳಗನ್ನಡದ ಮಾತು ಅಜ್ಜಿಯ ಬಾಯಲ್ಲಿ ಉಳಿದು ಬಂದಂತೆ, 1993ರ ಹೆಸರುಗಳು ಇಲ್ಲಿಯೂ ಉಳಿದು ಬಂದಿವೆ.

ಇದರಿಂದ ಆದ ಲಾಭಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಪತ್ರಿಕೆಯ ಓದುಗರಿಗೆ ಅದು ಹತ್ತಿರದ್ದು. ಅಮೆರಿಕದ ಕಾನ್ಸಾಸ್ ಸಂಸ್ಥಾನದ ಲಾರೆನ್ಸ್ ಎಂಬ ಊರಿನ ದಿನಪತ್ರಿಕೆ ‘ಲಾರೆನ್ಸ್ ಜರ್ನಲ್-ವರ್ಲ್ಡ್’. ಅದರ ಕಚೇರಿಯಲ್ಲಿ ಏಡ್ರಿಯನ್ ಹೊಲೊವಾಟಿ, ಸೈಮನ್ ವಿಲಿಸನ್ ಎಂಬಿಬ್ಬರು 2003ರಲ್ಲಿ ಕಟ್ಟತೊಡಗಿದ ಫ್ರೇಮ್‌ವರ್ಕು 2005ರ ಜುಲೈಯಲ್ಲಿ ಎಲ್ಲರ ಸ್ವತ್ತಾಯಿತು. ಗಿಟಾರ್ ವಾದಕ ಜ್ಯಾಂಗೋ ರೈನ್‌ಹಾರ್ಟ್‌ನ ನೆನಪಿಗೆ ಅದನ್ನು ಜ್ಯಾಂಗೋ ಎಂದು ಕರೆದರು. ಮೊದಲ ವರ್ಷಗಳಲ್ಲಿ ಅದನ್ನು ಮಾಡ್-ಪೈಥಾನಿನ ಮೂಲಕ ಅಪಾಚೆಗೆ ಕಟ್ಟುವುದೇ ರೂಢಿಯಾಗಿತ್ತು. 2010ರಲ್ಲಿ ಅಪಾಚೆ ಸಂಸ್ಥೆ ಮಾಡ್-ಪೈಥಾನನ್ನು ಅಟ್ಟಕ್ಕೆ ಹಾಕಿತು. ಇದು ನನ್ನ ಅಲಂಕಾರವಲ್ಲ. ನಿಂತುಹೋದ ಯೋಜನೆಗಳನ್ನಿಡುವ ಜಾಗಕ್ಕೆ ಅಲ್ಲಿ ಇಟ್ಟಿರುವ ಹೆಸರೇ ಅಟ್ಟ! ಕೊಂಡಿ ಅಟ್ಟ ಸೇರಿದರೂ ಜ್ಯಾಂಗೋ ಸೇರಲಿಲ್ಲ. 333ರ ಒಪ್ಪಂದವನ್ನು ಅದೂ ಪಾಲಿಸುತ್ತಿದ್ದುದರಿಂದ ಬೇರೆ ಕೊಂಡಿಗಳು ಸಿದ್ಧವಾಗಿದ್ದವು. ನಮ್ಮ ಕಾಲೇಜಿನ ಅರ್ಜಿ ನಡೆಯುವುದೂ ಜ್ಯಾಂಗೋದ ಮೇಲೆಯೇ ಎಂದು ಶಿಷ್ಯ ಹೇಳಿದಾಗ ನನಗೆ ಸೋಜಿಗವಾಯಿತು.

2010ರಲ್ಲಿಯೇ ಈ ಒಪ್ಪಂದವನ್ನು ತಿದ್ದಿ 3333 ಎಂಬ ಸಂಖ್ಯೆಯಲ್ಲಿ ಹೊರತಂದರು. 2008ರಲ್ಲಿ ಬಂದ ಪೈಥಾನಿನ ಮೂರನೆಯ ಆವೃತ್ತಿ, ಅಕ್ಷರ ಬೇರೆ, ಬೈಟು ಬೇರೆ ಎಂದು ವಿಂಗಡಿಸಿದ್ದೇ ಕಾರಣ. ಇಂಗ್ಲಿಷಿನ ‘ಎ’ ಅಕ್ಷರಕ್ಕೆ ಒಂದೇ ಬೈಟು ಸಾಕು; ನಮ್ಮ ‘ಕ’ ಯುಟಿಎಫ್-8 ಪದ್ಧತಿಯಲ್ಲಿ ಮೂರು ಬೈಟುಗಳಾಗಿ ಹೋಗುತ್ತದೆ. ಕನ್ನಡದ ಹೆಸರು ಕೆಡದೆ ದಾಟಬೇಕಾದರೆ ಈ ವಿವೇಕ ಅಗತ್ಯ.

ಈಗ ನನ್ನ ಗೊಡವೆಯ ಮಾತು. ತರಗತಿಯಲ್ಲಿ ನಾನು ಆಗಮಸಂಧಿ ಹೇಳಿಕೊಡುತ್ತೇನೆ. ‘ಮನೆ’ಗೆ ‘ಅನ್ನು’ ಸೇರಿದರೆ ‘ಮನೆಯನ್ನು’. ನಡುವೆ ಬಂದ ಯಕಾರ ಮನೆಗೂ ಸೇರಿದ್ದಲ್ಲ, ಅನ್ನುವಿಗೂ ಸೇರಿದ್ದಲ್ಲ. ಅದಕ್ಕೆ ಸ್ವಂತ ಅರ್ಥವಿಲ್ಲ. ಅದು ಬಂದದ್ದರಿಂದ ಎರಡು ಪದಗಳೂ ತಮ್ಮ ರೂಪ ಕೆಡದೆ ಕೂಡಿಕೊಂಡವು. ಮಾಡ್-ಪೈಥಾನಿನಂಥವು ಒಂದನ್ನು ಇನ್ನೊಂದರೊಳಗೆ ಹುದುಗಿಸಿದವು. 1993ರ ಐವರೂ 2003ರ ಈಬಿಯವರೂ ಮಾಡಿದ್ದು ಯಕಾರದ ಕೆಲಸ. ದೊಡ್ಡ ಸರ್ವರುಗಳ, ಫ್ರೇಮ್‌ವರ್ಕುಗಳ ಹೆಸರನ್ನು ಜನ ಬಲ್ಲರು. ಈ ಯಕಾರದ ಹೆಸರನ್ನು ಬಲ್ಲವರು ಕಡಮೆ.

ಅಂದು ಐದು ನಿಮಿಷ ಎಂದವನು ಹನ್ನೆರಡು ನಿಮಿಷ ಮಾಡಿದ. “ಎಬ್ಬಿಸಿದೆ ಸಾರ್, ಈಗ ನೋಡಿ” ಎಂದ. ಹುಡುಗಿ ಮತ್ತೆ ಗುಂಡಿಯೊತ್ತಿದಳು. ಅರ್ಜಿ ಒಳಗೆ ಹೋಯಿತು; ಅವಳ ಹೆಸರನ್ನು ಕನ್ನಡದಲ್ಲಿ ಹೊತ್ತ ರಸೀದಿ ಹೊರಗೆ ಬಂತು. ಅವಳು ಅದನ್ನು ಎರಡು ಸಲ ಓದಿ, ಮಡಿಸಿ, ಅಂಕಪಟ್ಟಿಯೊಳಗೆ ಇಟ್ಟುಕೊಂಡು ಬಸ್ಸಿಗೆ ಹೊರಟಳು.