ಪಾರ್ ಎಂಬ ಎದುರಾಳಿ

ಗಾಲ್ಫ್ ಆಟದಲ್ಲಿ ಚೆಂಡು ನಿಂತಲ್ಲೇ ಇರುತ್ತದೆ. ಅಲುಗಾಡುವುದು ಆಟಗಾರನ ಮನಸ್ಸು. ಅಮೆರಿಕದ ಬಾಬಿ ಜೋನ್ಸ್ ಅವರ ಜೀವನ ಇದಕ್ಕೆ ಒಳ್ಳೆಯ ನಿದರ್ಶನ.

1921ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಊರಿನಲ್ಲಿ ಬ್ರಿಟಿಷ್ ಓಪನ್ ಪಂದ್ಯಾವಳಿ ನಡೆಯಿತು. ಜೋನ್ಸ್ ಅವರಿಗೆ ಆಗ 19 ವರ್ಷ. ಮೂರನೆಯ ಸುತ್ತಿನ 11ನೆಯ ಕುಳಿಯ ಬಳಿ ಚೆಂಡು ಮರಳುಗುಂಡಿಗೆ ಬಿತ್ತು. ಹೊಡೆತಗಳು ವ್ಯರ್ಥವಾದಾಗ ಸಿಟ್ಟಿಗೆದ್ದು ಚೆಂಡನ್ನು ಕೈಗೆತ್ತಿಕೊಂಡರು; ಸ್ಪರ್ಧೆಯಿಂದಲೇ ಹೊರಬಿದ್ದರು. ಪ್ರತಿಭೆಯಿತ್ತು, ತಾಳ್ಮೆಯಿರಲಿಲ್ಲ.

ಮುಂದೆ ಅವರು ತಮ್ಮ ರೀತಿಯನ್ನು ತಿದ್ದಿಕೊಂಡರು. ಪ್ರತಿ ಕುಳಿಗೂ ಇಷ್ಟು ಹೊಡೆತವೆಂದು ನಿಗದಿಯಾದ ಸಂಖ್ಯೆಗೆ 'ಪಾರ್' ಎನ್ನುತ್ತಾರೆ. ಜೋನ್ಸ್ ಎದುರಾಳಿಯನ್ನು ಮರೆತು ಪಾರ್‌ನೊಂದಿಗೇ ಸೆಣಸತೊಡಗಿದರು. ಪಾರ್‌ಗೆ ಸಿಟ್ಟಿಲ್ಲ, ಅದೃಷ್ಟವೂ ಇಲ್ಲ. ಅದರೆದುರು ಆಡುವವನು ಹಿಂದಿನ ತಪ್ಪನ್ನು ಬಿಟ್ಟು ಮುಂದಿರುವ ಹೊಡೆತವೊಂದನ್ನೇ ನೋಡಬೇಕು.

1925ರ ಅಮೆರಿಕನ್ ಓಪನ್‌ನಲ್ಲಿ ಚೆಂಡು ತುಸು ಅಲುಗಿದುದನ್ನು ಬೇರಾರೂ ಕಾಣಲಿಲ್ಲ. ಆದರೂ ಜೋನ್ಸ್ ತಾವಾಗಿಯೇ ಒಂದು ಹೊಡೆತದ ದಂಡ ತೆತ್ತರು. ಕೊನೆಗೆ ಸಮನಾಗಿ, ಮರುಪಂದ್ಯದಲ್ಲಿ ಸೋತರು. 1927ರಲ್ಲಿ ಸೇಂಟ್ ಆಂಡ್ರ್ಯೂಸ್‌ನಲ್ಲೇ ಬ್ರಿಟಿಷ್ ಓಪನ್ ಗೆದ್ದರು. 1930ರಲ್ಲಿ ಬ್ರಿಟನ್ ಮತ್ತು ಅಮೆರಿಕಗಳ ನಾಲ್ಕೂ ಪ್ರಮುಖ ಪ್ರಶಸ್ತಿಗಳು ಅವರವಾದವು.

ಸಿಟ್ಟಿನಿಂದ ಆಟ ಬಿಟ್ಟಿದ್ದ ತರುಣನಿಗೆ ಅದೇ ಊರು 1958ರಲ್ಲಿ ಗೌರವ ಪೌರತ್ವ ನೀಡಿತು. ವಿದ್ಯಾರ್ಥಿಗಳೇ, ಪಕ್ಕದವನ ಅಂಕವನ್ನು ನೋಡುತ್ತ ಓದುವುದಕ್ಕೂ ಇಂದಿನ ಪಾಠವನ್ನು ಇಂದೇ ಕಲಿಯುವೆನೆಂದು ಓದುವುದಕ್ಕೂ ಇರುವ ಅಂತರ ಇದೇ ಅಲ್ಲವೇ?