ಶ್ರುತಿ ತಾಯಿ, ಲಯ ತಂದೆ

ಶಿಕಾರಿಪುರ, ಸೊರಬ ಸೀಮೆಗಳ ಸಂಗೀತದ ಪೂರ್ವಕಥೆಯನ್ನು ಅರಸಹೊರಟವನಿಗೆ ಮೊದಲು ಎದುರಾಗುವುದು ಶಿಲೆ. ಬಳ್ಳಿಗಾವಿಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನವು, ಅಲ್ಲಿ ವ್ಯಾಕರಣ, ತರ್ಕ, ಕಾವ್ಯ, ನಾಟಕಗಳ ಪಾಠ ನಡೆಯುತ್ತಿದ್ದುದನ್ನು ಹೇಳಿ, ಅಷ್ಟಕ್ಕೇ ನಿಲ್ಲದೆ, ದೀನರಿಗೂ ಅಂಧರಿಗೂ ಬಧಿರರಿಗೂ ಇಕ್ಕುತ್ತಿದ್ದ ಅನ್ನದಲ್ಲಿ ಗಾಯಕ ವಾದಕರಿಗೂ ಪಾಲಿದ್ದುದನ್ನು ಸ್ಮರಿಸುತ್ತದೆ. ಅದೇ ಊರಿನ ಅಲ್ಲಮಪ್ರಭುವು ಅನುಭಾವಿಯಾಗುವುದಕ್ಕೆ ಮುನ್ನ ಮದ್ದಳೆಯ ಕೋವಿದನಾಗಿದ್ದನೆಂಬುದು ಕಾವ್ಯಪರಂಪರೆ ಕಾಪಾಡಿಕೊಂಡು ಬಂದ ಮಾತು.

ಶಿಲೆಯ ಆಶ್ರಯ ದೊರೆಯದ ಇನ್ನೊಂದು ಸಂಗೀತವೂ ಇಲ್ಲಿ ಉಂಟು. ಅದು ದೇವಿಗೆ ಬಿಟ್ಟ ಹೆಣ್ಣುಗಳಾದ ಜೋಗತಿಯರ ಕಂಕುಳೇರಿ ಸೊರಬದ ಚಂದ್ರಗುತ್ತಿಯಲ್ಲಿ ಗುಹೆಯೊಳಗಿರುವ ರೇಣುಕಾಂಬೆಯ ಸನ್ನಿಧಿಗೆ ಬಂದುದು. ಅದರ ಬಂಡವಾಳ ಎರಡೇ ತಂತಿ: ಚೌಡಿಕೆಯೆಂಬ ವಾದ್ಯದ್ದೊಂದು, ತುಂತುಣಿಯೆಂಬ ವಾದ್ಯದ್ದೊಂದು. ಚೌಡಿಕೆಯ ಕೊಳಗದಂಥ ಒಡಲಿನ ತಳಕ್ಕೆ ಚರ್ಮ ಬಿಗಿದಿದೆ. ಆ ಚರ್ಮಕ್ಕೇ ತಂತಿ ಕಟ್ಟಿರುವುದರಿಂದ, ಕಡ್ಡಿಯಿಂದ ಮೀಟಿದೊಡನೆ ತಂತಿಯ ಮಿಡಿತವೂ ಚರ್ಮದ ಗುಡುಗೂ ಒಂದಾಗಿ ಹೊರಡುತ್ತವೆ. ಜೊತೆಗಾತಿಯ ತುಂತುಣಿ ಆಧಾರಸ್ವರವೊಂದನ್ನೇ ಹಿಡಿದು ಕದಲದು. ಒಂದರದು ಲಯ, ಇನ್ನೊಂದರದು ಶ್ರುತಿ. ಇವೆರಡರ ನಡುವೆ ಪದ ನಡೆಯುತ್ತದೆ.

ಪಾಶ್ಚಾತ್ಯರ ಎರಡು ಗಿಟಾರುಗಳು ಕೂಡಿ ನುಡಿಯುವಾಗಲೂ, ಒಂದು ಸ್ವರಮೇಳವನ್ನು ಮೀಟುತ್ತಿರಲು ಇನ್ನೊಂದು ರಾಗಧಾರೆಯನ್ನು ಎಳೆಯುವುದುಂಟು. ಎರಡೂ ಒಂದೇ ಧಾಟಿಯನ್ನು ಎರಡು ಸ್ಥಾಯಿಗಳಲ್ಲಿ ಜೋಡಿಯಾಗಿ ನಡೆಸುವುದೂ ಉಂಟು. ಎಲ್ಲಿಯಾದರೂ ಮೊದಲ ನಿಯಮವೊಂದೇ: ಸೆಕೆಂಡಿಗೆ 200 ಬಾರಿ ಕಂಪಿಸುವ ತಂತಿಯ ಪಕ್ಕದಲ್ಲಿ 202 ಬಾರಿ ಕಂಪಿಸುವ ತಂತಿ ನುಡಿದರೆ, ನಾದವು ಸೆಕೆಂಡಿಗೆ ಎರಡು ಸಲ ಉಬ್ಬಿ ಕುಗ್ಗುತ್ತದೆ. ಆ ಅಲೆ ಅಡಗುವವರೆಗೆ ಬಿರಟೆಯನ್ನು ತಿರುಗಿಸುವುದೇ ಶ್ರುತಿ ಕೂಡಿಸುವ ವಿದ್ಯೆ. ಅದಕ್ಕೆ ಗಣಿತ ಬೇಡ, ಕಿವಿ ಸಾಕು.

ಹೆಣ್ಣನ್ನು ದೇವರಿಗೆ ಬಿಡುವ ಪದ್ಧತಿಯನ್ನು 1982ರ ಕಾಯಿದೆ ನಿಷೇಧಿಸಿತು; 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆಸೇವೆಯ ವೇಳೆ ನಡೆದ ಗಲಭೆಯ ತರುವಾಯ ಆ ಸೇವೆಗೂ ನಿಷೇಧ ಬಂದಿತು. ಅಳಿಯಬೇಕಾದುದು ಅಳಿಯುವುದು ಲೇಸೇ. ಆದರೆ ವಾದ್ಯದ ಮೇಲೆ ಆ ಪಾಪದ ಹೊರೆಯನ್ನು ಹೊರಿಸುವುದು ಸಲ್ಲದು.

ಶ್ರುತಿಯೇ ತಾಯಿ, ಲಯವೇ ತಂದೆ ಎಂಬುದು ನಮ್ಮ ಸಂಗೀತಗಾರರ ಹಳೆಯ ನುಡಿ. ಗಂಡನ ಆಜ್ಞೆಯಂತೆ ಕೊಡಲಿ ಹಿಡಿದು ಬೆನ್ನಟ್ಟಿದ ಮಗನಿಗೆ ಹೆದರಿ ರೇಣುಕೆ ಈ ಗುಹೆಯನ್ನು ಹೊಕ್ಕಳೆಂದು ಸ್ಥಳಪುರಾಣ ಹೇಳುತ್ತದೆ. ಆ ಕಥೆಯನ್ನೇ ಹಾಡುವ ಪದದಲ್ಲಿ, ತಂತಿ ಎರಡು ಇರುವವರೆಗೆ, ತಾಯಿಯೂ ತಂದೆಯೂ ಜಗಳ ಮರೆತು ಜೊತೆಯಾಗಿ ನಡೆಯುತ್ತಾರೆ.